ಕಹಿಬಾವಿಯ ಸೊಸೆ

ಅನ್‌ಶಿ, ಗೋಬಿ ಮರುಭೂಮಿಯ ಅಂಚು
೯ ಅಕ್ಟೋಬರ್ ೧೯೨೬

ಪ್ರೀತಿಯ ಅಗಾಥಾ,

ನಿನ್ನ ಮೂರು ಕಾಗದಗಳೂ ಬಂದಿವೆ. ನಾಲ್ಕು ತಿಂಗಳಿಂದ ಒಂದಕ್ಕೂ ಉತ್ತರ ಬರೆಯಲಿಲ್ಲ, ಮುನಿಸಿಕೊಂಡಿದ್ದರೆ ತಪ್ಪಿಲ್ಲ. ಕಣ್ಣಿನ ಪೊರೆ ತೆಗೆದರೆಂದು ತಿಳಿದು ನೆಮ್ಮದಿಯಾಯಿತು. ಅಬರ್ಡೀನಿನ ಗಾಳಿಗೆ ಮುಖವೊಡ್ಡಬೇಡ. ಇಲ್ಲಿ ನಮ್ಮ ಮುದಿ ಹೇಸರಗತ್ತೆ ಸತ್ತಿತು. ಗಾಡಿ ಹೊಡೆಯುವ ತಿಯಾನ್ ಎರಡು ದಿನ ಊಟ ಮುಟ್ಟಲಿಲ್ಲ. ಹದಿನಾರು ವರ್ಷ ನಿನ್ನ ಜೊತೆ ಸುವಾರ್ತೆ ಸಾರುತ್ತಾ ತಿರುಗಿದ ದಾರಿಯಲ್ಲಿ ಈಗ ನಾನೊಬ್ಬಳೇ ಗೊಣಗುತ್ತಾ ಹೋಗುತ್ತೇನೆ.

ಮಿಷನ್ ಪತ್ರಿಕೆಯಲ್ಲಿ ನಾನು ಬರೆದ ಶುಜೆನ್‌ಳ ಕಥೆ ಓದಿ ನಿಮ್ಮ ಚರ್ಚಿನ ಹೆಂಗಸರು ಕಣ್ಣೀರಿಟ್ಟರು, ಪ್ರತಿ ಬುಧವಾರ ಅವಳ ಹೆಸರು ಹಿಡಿದು ಪ್ರಾರ್ಥಿಸುತ್ತಾರೆ ಎಂದು ಬರೆದಿದ್ದೀಯೆ. ಆ ಸಾಲು ಓದಿದ ಮೇಲೆಯೇ ನನಗೆ ಲೇಖನಿ ಹಿಡಿಯಲಾಗದೆ ಹೋದದ್ದು.

ಅವಳು ಕಹಿಬಾವಿಯ ಛತ್ರದೊಡತಿ ಹೌ ಮುದುಕಿಯ ಸೊಸೆ. ಹತ್ತೊಂಬತ್ತು ವಯಸ್ಸು. ಗಂಡ ಒಂಟೆ ಸಾಲಿನ ಜೊತೆ ಹೋದವನು ಮೂರು ವರ್ಷವಾದರೂ ತಿರುಗಿ ಬಂದಿರಲಿಲ್ಲ. ಹೋದ ವರ್ಷ ಸೆಪ್ಟೆಂಬರಿನಲ್ಲಿ ನಾನು ಅಲ್ಲಿ ತಂಗಿದ್ದಾಗ ಹನ್ನೊಂದೇ ದಿನದಲ್ಲಿ ಅವಳು ನನ್ನಿಂದ ಓದಲು ಕಲಿತಳು.

"ಹಿಟ್ಟು ನಾದೋಕೆ ಅಕ್ಷರ ಬೇಕೇನೇ?" ಎಂದು ಮುದುಕಿ ಅರಚುತ್ತಿದ್ದಳು.

"ನೀವು ಬೈಯೋದನ್ನೆಲ್ಲ ಬರ್ದಿಟ್ಕೊಳ್ಳೋಕೆ ಬೇಕಲ್ಲ, ಅತ್ತೆ!"

ಮುದುಕಿಗೂ ನಗು ತಡೆಯಲಾಗಿರಲಿಲ್ಲ.

ಹೊರಡುವ ದಿನ ಅವಳು ಗಾಡಿಯ ಮೂಕಿ ಹಿಡಿದುಕೊಂಡಳು. "ದೊಡ್ಡಮ್ಮಾ, ನನ್ನೂ ಕರ್ಕೊಂಡ್ ಹೋಗಿ. ಮೂಲೇಲಿ ಮುದುರ್ಕೊಂಡು ಕೂತಿರ್ತೀನಿ."

"ಇನ್ನೊಬ್ರ ಸೊಸೇನ ಗಾಡಿ ಹತ್ತಿಸ್ಕೊಂಡ್ರೆ ಈ ದಾರೀಲಿ ಯಾವ ಛತ್ರಾನೂ ನಮ್ಗೆ ಬಾಗಿಲು ತೆಗೆಯಲ್ಲ ಕಣಮ್ಮ. ಬರೋ ವರ್ಷ ಬರ್ತೀನಲ್ಲ," ಅಂದೆ. ಅವಳು ಕೈ ಬಿಟ್ಟಳು. ಬಾವಿಯ ಬಳಿ ನಿಂತು ನಗುತ್ತಾ ಕೈಬೀಸಿದಳೆಂದು ಪತ್ರಿಕೆಗೆ ಬರೆದೆ.

ಈ ಜೂನಿನಲ್ಲಿ ಮತ್ತೆ ಹೋದೆ. ಹಿಟ್ಟು ನಾದುತ್ತಿದ್ದವಳು ಮುದುಕಿಯೊಬ್ಬಳೇ.

"ಶುಜೆನ್ ಎಲ್ಲಿ?"

"ನಿಮ್ ಗಾಡಿ ಹಿಂದೇನೇ ಬಂದ್ಳಲ್ಲ! ನಿಮ್ ಜೊತೆ ಇದಾಳೆ ಅಂತ ಚಳಿಗಾಲ ಪೂರ್ತಿ ನಿಮ್ಗೆ ಶಾಪ ಹಾಕ್ತಾ ಇದ್ದೆ. ಆಮೇಲೆ ಒಂಟೆಯವ್ರು ಬಂದು ಹೇಳಿದ್ರು."

ಎರಡು ಬಾವಿಗಳ ನಡುವೆ, ಒಂದು ದಿನದ ದಾರಿಯಾಚೆ, ಗಾಡಿಜಾಡಿನ ಪಕ್ಕದಲ್ಲೇ ಒಂಟೆಯವರಿಗೆ ಅವಳ ಹೆಣ ಸಿಕ್ಕಿತಂತೆ. ಅಲ್ಲಿಯೇ ಕಲ್ಲು ಮುಚ್ಚಿದ್ದಾರೆ.

"ಅವಳು ಬಂದದ್ದು ನಂಗೆ ಗೊತ್ತೇ ಇರ್ಲಿಲ್ಲ," ಅಂದೆ. ಮುದುಕಿ ನಂಬಿದಳು. ಹಿಟ್ಟಿನ ಕೈಯಲ್ಲೇ ನನ್ನ ಕೈ ಹಿಡಿದು, "ಈಗ ಬೈಯೋಕೂ ಒಬ್ರಿಲ್ಲ," ಎಂದು ಅತ್ತಳು. ನನಗೆಂದು ಹಿಟ್ಟಿನ ಎಳೆಗಳನ್ನು ಬೇಯಿಸಿ ಬಡಿಸಿದಳು. ತಿಂದೆ, ಅಗಾಥಾ.

ಬುಧವಾರದ ಹೆಂಗಸರಿಗೆ ಏನು ಹೇಳಬೇಕೋ ನೀನೇ ಯೋಚಿಸು. ದೇವರು ನಿನ್ನನ್ನು ಬೆಚ್ಚಗಿಡಲಿ, ನಿನ್ನ ಕಣ್ಣುಗಳನ್ನು ಕಾಯಲಿ.

ನಿನ್ನ
ಹೆಸ್ಟರ್

ಮ.ವಿ.: ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಅವತ್ತು ಛತ್ರ ದಾಟಿ ಒಂದು ಮೈಲಿ ಬಂದಿದ್ದೆವು. "ದೊಡ್ಡಮ್ಮಾ, ಆ ಹುಡುಗಿ ಬರ್ತಾ ಇದಾಳೆ. ನಿಲ್ಲಿಸ್ಲಾ?" ಎಂದ ತಿಯಾನ್. ನಾನು ತಿರುಗಿ ನೋಡಿದೆ. ಚಿಕ್ಕಂದಿನಲ್ಲೇ ಬಟ್ಟೆ ಬಿಗಿದು ಕಟ್ಟಿ ಕಿರಿದಾಗಿಸಿದ ಆ ಪಾದಗಳಲ್ಲಿ ಅವಳು ಓಡುತ್ತಿದ್ದಳು. "ಜೋರಾಗಿ ಹೊಡಿ," ಅಂದೆ, "ಗಾಡಿ ಕಣ್ಮರೆ ಆದ್ರೆ ತಾನೇ ಮನೆಗೆ ಹೋಗ್ತಾಳೆ."