ಬಸಿದ ನೀರು

ಬುಧವಾರ, ಮಧ್ಯಾಹ್ನ

ಪ್ರೀತಿಯ ಚಿಟ್ಟಿ,

ಪಕ್ಕದ ಮನೆಯವರ ಕೈಲಿ ಕಳಿಸಿದ ಅಪ್ಪನ ಬಟ್ಟೆ ಚೀಲದಲ್ಲಿ ಈ ಕಾಗದ ನೋಡಿ ಗಾಬರಿಯಾಗಬೇಡ. ಫೋನಿನಲ್ಲೇ ಹೇಳೋಣವೆಂದು ಬೆಳಗ್ಗೆಯಿಂದ ನೋಡಿದೆ, ಬಾಯಿ ಬರಲಿಲ್ಲ. ಕಾಗದವಾದರೆ ನೀನು ನಡುವೆ ಬೈಯಲಾರೆ, ಅದೊಂದು ಅನುಕೂಲ.

ನಿನ್ನೆ ವಾರ್ಡಿನಲ್ಲಿ ಡಾಕ್ಟರಮ್ಮನಿಗೆ ನೀನು ಎಷ್ಟು ಹೆಮ್ಮೆಯಿಂದ ಹೇಳಿದೆ, ನಮ್ಮಮ್ಮ ಅಪ್ಪನ ಪಥ್ಯದಲ್ಲಿ ಕೂದಲೆಳೆಯಷ್ಟೂ ತಪ್ಪುವವಳಲ್ಲ ಎಂದು. ಹಾಗಿದ್ದರೆ ಕಿಡ್ನಿಯೇ ಕೈಕೊಟ್ಟಿರಬೇಕು, ಗುರುವಾರದಿಂದ ಡಯಾಲಿಸಿಸ್ ಶುರು ಮಾಡೋಣ ಎಂದರು ಅವರು. ನಾನು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ ಕೂತಿದ್ದೆ. ಆಗಲೇ ಹೇಳಬೇಕಿತ್ತು.

ಆಲೂಗಡ್ಡೆ, ಕ್ಯಾರೆಟ್ ಎಲ್ಲ ಹೆಚ್ಚಿ ನೆನೆಸಿ, ತುಂಬ ನೀರಿನಲ್ಲಿ ಬೇಯಿಸಿ, ಆ ನೀರು ಚೆಲ್ಲಬೇಕು, ಅಪ್ಪನ ಕಿಡ್ನಿ ತಡೆಯಲಾರದ ಪೊಟ್ಯಾಸಿಯಂ ಅದರ ಜೊತೆ ಹೋಗುತ್ತದೆ ಎಂದು ಬಿಡಿಸಿ ಹೇಳಿದ್ದೆ ನೀನು. ಬೇಯಿಸಿದೆ, ಬಸಿದೆ. ಚೆಲ್ಲಲು ಮಾತ್ರ ಕೈ ಬರಲಿಲ್ಲ. ಬಟ್ಟೆಯ ಚೂರನ್ನೂ ಎಸೆಯದೆ ದಿಂಬಿಗೆ ತುಂಬಿದ ಟೈಲರ್ ಕೈ ಇದು. ತರಕಾರಿಯ ಸತ್ವವೆಲ್ಲ ಮೋರಿ ಪಾಲಾಗುವುದನ್ನು ನೋಡಿ ಹೊಟ್ಟೆ ಉರಿಯಿತು. ಸಪ್ಪೆ ಊಟ ಮಾಡಿ ಸೊರಗಿದ್ದರಲ್ಲ, ಇದಾದರೂ ಮೈಗೆ ಹತ್ತಲಿ ಎಂದು ಆ ನೀರಿನಲ್ಲೇ ಅವರ ಅನ್ನ ಮಾಡಿದೆ. ದಿನಾ ಮಾಡಿದೆ. ಮಾಡಿದ್ದುಣ್ಣೋ ಮಹಾರಾಯ ಅಂತಾರೆ. ಇಲ್ಲಿ ಮಾಡಿದವಳು ನಾನು, ಉಣ್ಣುತ್ತಿರುವವರು ಅವರು.

ಸೋಮವಾರ ಅವರು ಬಚ್ಚಲ ಬಾಗಿಲಲ್ಲಿ ಕುಸಿದಾಗಲೂ ನನಗೆ ಹೊಳೆಯಲಿಲ್ಲ. ರಕ್ತದಲ್ಲಿ ಪೊಟ್ಯಾಸಿಯಂ ಏರಿದೆ, ಅದಕ್ಕೇ ನಾಡಿ ಇಳಿದಿದೆ ಎಂದು ಡಾಕ್ಟರಮ್ಮ ಹೇಳಿದಾಗ ಹೊಳೆಯಿತು. ಹೊಳೆದ ಮೇಲೂ ಸುಮ್ಮನಿದ್ದೆನಲ್ಲ, ಆ ಪಾಪ ದೊಡ್ಡದು. ನಿನ್ನ ಕಣ್ಣಲ್ಲಿ ಸಣ್ಣವಳಾಗುತ್ತೇನೆಂದು ಹೆದರಿ ಅವರನ್ನು ಸೂಜಿ, ಮೆಷಿನ್ನಿಗೆ ಒಪ್ಪಿಸಲು ಹೊರಟಿದ್ದೆ.

ಓದಿದ ತಕ್ಷಣ ಡಾಕ್ಟರಮ್ಮನ ಹತ್ತಿರ ಹೋಗು. ಅಮ್ಮನದೇ ತಪ್ಪು ಎಂದೇ ಹೇಳು. ಇಷ್ಟು ತಿಳಿದ ಮೇಲೂ ಡಯಾಲಿಸಿಸ್ ಬೇಕೆಂದರೆ ಆಗಲಿ. ಇದು ತಿಳಿಯದೆ ಮಾತ್ರ ಬೇಡ.

ಮುಖ ತೋರಿಸಲಾರದ ನಿನ್ನ,
ಅಮ್ಮ

ಮತ್ತೆ: ಕಾಗದ ಮಡಚುವಾಗ ಅಪ್ಪನೇ ಫೋನ್ ಮಾಡಿದರು. ಅವರಿಗೆ ಹೇಳಿಬಿಟ್ಟೆ. "ಗೊತ್ತಿತ್ತು ಕಣೆ. ಬರೀ ನೀರಲ್ಲಿ ಬೆಂದ ಅನ್ನಕ್ಕೆ ಅಷ್ಟು ರುಚಿ ಬರುತ್ತಾ? ಹೇಳಿದ್ರೆ ನಿಲ್ಲಿಸಿಬಿಡ್ತೀಯ ಅಂತ ಸುಮ್ಮನಿದ್ದೆ" ಎಂದರು. ಚಿಟ್ಟಿಗೆ ಹೇಳಬೇಡ, ಅವಳ ಮುಂದೆ ನೀನು ತಲೆ ತಗ್ಗಿಸಬೇಕಾಗುತ್ತದೆ, ಡಯಾಲಿಸಿಸ್ ತಾನೇ, ಮಾಡಿಸಿಕೊಳ್ಳುತ್ತೇನೆ ಬಿಡು ಎಂದರು. ನೀನು ಅವರ ಮಾತು ಕೇಳಬೇಡ.