ಸಾರಥಿ ಲೈನಿನ ಬೆಳಕು

ಜುಲೈ 8, ಮಂಗಳವಾರ

ಬರ್ರಿ ಮಹಾಜನಗಳೇ, ಹಿಂದಿನೋರು ಮುಂದೆ ಬರ್ರಿ, ಮುಂದಿನೋರು ಕೂಡ್ರಿ! ನಾಟಕದ ರಾಜನ ಪಾರ್ಟು ಬಿಟ್ಟ ಈ ಅಜ್ಜಪ್ಪ ಈಗ ದಾವಣಗೆರೆಯ ಇಂಟರ್‌ನೆಟ್ ಆಫೀಸಲ್ಲಿ ಕೂತು ಹರಿಹರದ ಮೆಷೀನು ಆಳ್ತಾನೆ. ಇಲ್ಲಿ ಕೀ ಒತ್ತಿದ್ರೆ ಅಲ್ಲಿ ಲೇಸರ್ ಉರೀತೈತೆ, ಆರ್ತೈತೆ...

ಹಾಸ್ಯ ಸಾಕು. ಇವತ್ತು ಆಗಿದ್ದನ್ನ ಬರೀತೀನಿ.

ಸಾರಥಿ ಊರ ಹತ್ರ, ಲೇಸರ್ ಬೆಳಕು ಹೊತ್ತೊಯ್ಯೋ ಫೈಬರ್ ಎಳೆನ ಜೆಸಿಬಿ ಹರಿದಿತ್ತು. ಜೋಡಿಸೋಕೆ ನಮ್ಮ ಲೈನ್‌ಮನ್ ಹಯಾತ್ ಸಾಬ್ರು ಹೋಗಿದ್ರು. ಫೋನಲ್ಲಿ ಅದೇ ಗೇಲಿ: "ಏನ್ರಿ ಮಹಾರಾಜ್ರೆ, ದೀಪ ಆರಿಸಿದ್ರಾ? ಎಳೆ ತುದಿ ನೋಡ್ಲಾ?"

"ಆರಿಸಿದ್ದೇವೆ! ನಿರ್ಭಯವಾಗಿ ನೋಡುವಂಥವರಾಗಿ!" ಆಫೀಸೆಲ್ಲ ನಕ್ಕಿತು.

ತುದಿ ಸ್ವಚ್ಛ ಐತಾ ಅಂತ ಅವರು ಭೂತಗನ್ನಡಿ ಇರೋ ನಳಿಗೆ ಕಣ್ಣಿಗೆ ಒತ್ತಿ ನೋಡ್ತಾರೆ. ಅಷ್ಟರಲ್ಲಿ ಹರಿಹರದಲ್ಲಿ ಕರೆಂಟ್ ಹೋಗಿ ಬಂತು. ಬ್ಯಾಟರಿ ಸತ್ತೈತೆ ಅಂತ ಮಾಲೀಕನಿಗೆ ಎಷ್ಟು ಸಲ ಹೇಳೀನಿ... ಮೆಷೀನು ಮಲಗಿ ಎದ್ದಿತು. ಸ್ಕ್ರೀನಲ್ಲಿ ಸಾರಥಿ ಲೈನಿನ ಪೋರ್ಟು ಹಸಿರು, ಅಂದ್ರೆ ಚಾಲೂ.

ದೂರದ ಲೈನು. ಜೋರು ಲೇಸರ್. ಉರೀತಿತ್ತು!

ಶಟ್‌ಡೌನ್ ಕೊಟ್ಟಿದ್ದೆ. ಸೇವ್ ಮಾಡಿರಲಿಲ್ಲ. ಸೇವ್ ಆಗದ್ದನ್ನ ಮೆಷೀನು ಎದ್ದ ಕೂಡಲೇ ಮರೀತೈತೆ — ರಂಗದ ಮೇಲೆ ನಾವೇ ಸೇರಿಸಿದ ಮಾತು ನಾಳೆಯ ಆಟದಲ್ಲಿ ಇರಲ್ವಲ್ಲ, ಹಂಗೆ.

ಆರಿಸಿ, ಫೋನ್ ಮಾಡಿದೆ. "ಸಾಬ್ರೆ, ಈಗ ನಳಿಗೆ ಕಣ್ಣಿಗೆ ಇಟ್ಟಿದ್ರಾ?"

"ಹ್ಞೂಂರಿ, ನೀವೇ ನೋಡು ಅಂದ್ರಲ್ಲ. ಯಾಕ? ಬೆಳಕೇನೂ ಕಾಣ್ಲಿಲ್ಲ ಬಿಡ್ರಿ."

ಕಾಣಲ್ಲ. ಆ ಬೆಳಕು ಯಾರಿಗೂ ಕಾಣಲ್ಲ. ಕಣ್ಣು ಸುಟ್ರೂ...

"ಸುಮ್ನೆ ಕೇಳ್ದೆ" ಅಂದೆ.

ಜುಲೈ 9, ಮಧ್ಯಾಹ್ನ

ಮಾಲೀಕ ಅಶ್ವಥ್‌ಗೆ ಹೇಳಿದೆ. ಬಾಗಿಲು ಹಾಕ್ದ. "ಅಜ್ಜಪ್ಪಣ್ಣ, ಹೊರಗೆ ಬಾಯಿ ಬಿಡಬ್ಯಾಡ. ಏನಾಗೈತೆ ಸಾಬ್ರಿಗೆ? ಬೈಕ್ ಓಡಿಸ್ಕೊಂಡೇ ಬಂದ್ರಲ್ಲ!"

ಖರೆ. ಬಂದ್ರು. ಒಂದೇ ಕಣ್ಣಲ್ಲೂ ಬೈಕ್ ಓಡಿಸಬಹುದು...

ಜುಲೈ 14, ಸೋಮವಾರ

ಇಷ್ಟು ದಿನ ಪೆನ್ನು ಮುಟ್ಟಲಿಲ್ಲ. ಸಾಬ್ರು ಕೆಲಸಕ್ಕೆ ಬಂದಿಲ್ಲ. ಸಂಜೆ ಅವರ ಮಗಳು ಸಿದ್ದೀಕಾ ಫೋನು.

"ಕಾಕಾ, ಅಬ್ಬಾ ಚಹಾ ಬಗ್ಗಿಸಿದ್ರೆ ಕಪ್ಪಿನ ಹೊರಗೆ ಬೀಳ್ತೈತೆ. ಬಲಗಣ್ಣ ನಡುವೆ ಕರಿ ಚುಕ್ಕಿ ಅಂತೆ. ವಯಸ್ಸಾಯ್ತು, ಚಾಳೀಸು ಬದಲಿಸಿದ್ರೆ ಸಾಕು ಅಂತಾರೆ. ಹೌದಾ ಕಾಕಾ?"

ತುಂಬಿದ ಸಭೆ ಮುಂದೆ ಒಂದು ಮಾತು ತಪ್ಪಿದವನಲ್ಲ ನಾನು. "ನಾಳೆ ಬರ್ತೀನವ್ವ" ಅಂದೆ, ಅಷ್ಟೇ.

ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಹರಿಹರ. ಸಾಬ್ರ ಮುಂದೆ ಹೋಗಿ ನಿಲ್ತೀನಿ. ದನಿ ತೆಗೆಯಲ್ಲ. ತೆಗೆದ್ರೆ ಕಣ್ಣಿಲ್ದೆನೂ ಗುರುತು ಹಿಡೀತಾರೆ. ಬಲಗಣ್ಣಿಗೆ ನನ್ನ ಮುಖ ಕಾಣ್ತೈತಾ ಅಂತ ಅವರ ಎಡಗಣ್ಣು ನನ್ನ ಕೈಲೇ ಮುಚ್ಚಿ, ಸುಮ್ನೆ ನಿಲ್ತೀನಿ. ಯಾರು ಅಂತ ಅವರು ಹೇಳ್ಲಿ, ಹೇಳದೆ ಹೋಗ್ಲಿ, ಆಮೇಲೆ ಬಾಯಿ ಬಿಟ್ಟು, ಆ ಪೋರ್ಟು ಹಸಿರಾಗಿದ್ದನ್ನ ನಾನೇ ಹೇಳ್ತೀನಿ.