ಎರಡನೆಯ ಎಂಬತ್ತಾರು

ಮಂಗಳವಾರ, ಮಾರ್ಚ್ ೧೪

ಕಣ್ಣು ಎಳೆಯುತ್ತಿದೆ, ಆದರೂ ಬರೆಯದೆ ಮಲಗಲಾರೆ. ಬೆಳಿಗ್ಗೆ ಲೀನಿಯರ್ ಆಲ್ಜೀಬ್ರಾ ತರಗತಿಯಲ್ಲಿ ಹಿಂದಿನ ಬೆಂಚಿನವಳು, "ಮೇಡಂ, ಇದೆಲ್ಲ ಕಲಿತು ಏನುಪಯೋಗ?" ಎಂದಳು. ಇಪ್ಪತ್ತು ವರ್ಷದಿಂದ ಕೇಳಿ ಕೇಳಿ ಸಾಕಾದ ಪ್ರಶ್ನೆ. ಬೋರ್ಡಿನ ಮೇಲೆ ಎಕ್ಸ್ ಪ್ಲಸ್ ವೈ ಐದು, ಕೆಳಗೆ ಎರಡು ಎಕ್ಸ್ ಪ್ಲಸ್ ಎರಡು ವೈ ಹತ್ತು ಎಂದು ಬರೆದೆ. "ಎರಡು ಸಮೀಕರಣ ಇದೆ ಅನ್ಸುತ್ತೆ, ಇರೋದು ಒಂದೇ. ಅದನ್ನೇ ಜೋರಾಗಿ ಹೇಳಿದೆ ಅಷ್ಟೆ. ಇದನ್ನ ಗುರುತಿಸೋದೇ ಉಪಯೋಗ" ಎಂದೆ.

ಸಂಜೆ ಅಕ್ಕ ಫೋನಿನಲ್ಲಿ ರೇಗಿದಳು. "ಅಮ್ಮನ ಬಲಪಾದ ತೆಗೀಬೇಕು ಅಂತ ಇಬ್ಬರು ಡಾಕ್ಟರೂ ಬರೆದಿದ್ದಾರೆ. ಇನ್ನೂ ಏನು ಮೀನಮೇಷ ಎಣಿಸ್ತೀಯ?" ಹೂಂ ಎಂದುಬಿಟ್ಟೆ.

ಈಗ ಎರಡೂ ವರದಿಗಳನ್ನು ಪಕ್ಕಪಕ್ಕ ಇಟ್ಟುಕೊಂಡಿದ್ದೇನೆ. ಅಮ್ಮನಿಗೆ ಅರವತ್ತೆಂಟು. ಮೊದಲನೆಯದರಲ್ಲಿ ವಯಸ್ಸು ಎಂಬತ್ತಾರು ಎಂದಿದೆ. ಎರಡನೆಯದರಲ್ಲೂ ಎಂಬತ್ತಾರು. ಎರಡು ಉತ್ತರಪತ್ರಿಕೆಗಳಲ್ಲಿ ಒಂದೇ ತಪ್ಪು ಕಂಡರೆ ನಕಲು ಎಂದು ಕಣ್ಣುಮುಚ್ಚಿ ಹೇಳುವವಳು ನಾನು. ಎರಡನೆಯವರು ನೋಡಿದ್ದು ಅಮ್ಮನ ಕಾಲನ್ನಲ್ಲ, ಮೊದಲನೆಯವರ ಕಾಗದವನ್ನು.

ಈ ಕಾಗದ ನೋಡಿರದ ಮೂರನೆಯ ಡಾಕ್ಟರು ಬೇಕು. ಬೆಳಿಗ್ಗೆ ಅಕ್ಕನಿಗೆ ಹೇಳಿ ಮತ್ತೆ ಬೈಸಿಕೊಳ್ಳಬೇಕು. ಅಮ್ಮನಿಗೆ ಇನ್ನೂ ಯಾರೂ ಏನೂ ಹೇಳಿಲ್ಲ. ಎರಡೂ ಕಾಲಿನ ಉಗುರು ಕತ್ತರಿಸಿಕೊಂಡು ಮಲಗಿದ್ದಾಳೆ.